ಅಪ್‌ಡೇಟ್: 500 ಎರರ್ ಹೋಯಿತು, ಸ್ಕ್ರಿಪ್ಟ್ ಓಡುತ್ತಿದೆ

ಹಲವರ ಸೈಟ್‌ಗಳು ಒಂದೇ ಸರ್ವರ್‌ನಲ್ಲಿರುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಫಾರ್ಮ್ ತೋರಿಸುವ ನನ್ನ ಪರ್ಲ್ ಭಾಷೆಯ ಸ್ಕ್ರಿಪ್ಟ್ ಬರೀ 500 ಎರರ್ (ಸರ್ವರ್ ಒಳಗಿನ ದೋಷ) ಕೊಡುತ್ತಿದೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ತಪ್ಪು ಒಂದಲ್ಲ, ಎರಡು. ಮೊದಲನೆಯದು, ಫೈಲಿನ ಪರ್ಮಿಷನ್ 777 ಇಟ್ಟಿದ್ದೆ, ಅಂದರೆ ಎಲ್ಲರಿಗೂ ಎಲ್ಲ ಹಕ್ಕು. ಯಾರು ಬೇಕಾದರೂ ತಿದ್ದಬಹುದಾದ ಫೈಲನ್ನು ಅಪಾಚೆ ವೆಬ್ ಸರ್ವರ್‌ನಲ್ಲಿ ಸ್ಕ್ರಿಪ್ಟ್ ಓಡಿಸುವ ಭಾಗವಾದ ಸುಎಕ್ಸೆಕ್ ಓಡಿಸುವುದೇ ಇಲ್ಲ. ಫೈಲ್, ಫೋಲ್ಡರ್ ಎರಡನ್ನೂ 755 (ತಿದ್ದುವ ಹಕ್ಕು ಮಾಲೀಕನಿಗೆ ಮಾತ್ರ) ಮಾಡಿದೆ.

ಆದರೂ ಅದೇ ಎರರ್! ಎರಡು ರಾತ್ರಿ ಅಲ್ಲೇ ಕಳೆದೆ. ನೀವು ಹೇಳಿದಂತೆ, ಸರ್ವರ್ ತಪ್ಪುಗಳನ್ನು ಬರೆದಿಡುವ ಎರರ್ ಲಾಗ್ ತೆಗೆದರೆ ‘ನೋ ಸಚ್ ಫೈಲ್’ (ಅಂಥ ಫೈಲ್ ಇಲ್ಲ) ಅಂತಿತ್ತು. ಫೈಲ್ ಕಣ್ಣೆದುರೇ ಇದೆ! ವಿಂಡೋಸ್‌ನಲ್ಲಿ ಬರೆದಿದ್ದರಿಂದ ಪರ್ಲ್ ಎಲ್ಲಿದೆ ಎಂದು ಹೇಳುವ ಮೊದಲ ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ (ವಿಂಡೋಸ್ ಸಾಲಿನ ಕೊನೆಗೆ ಹಾಕುವ ಗುರುತು) ಉಳಿದಿತ್ತು, ಇದೇ ಎರಡನೇ ತಪ್ಪು. ಸರ್ವರ್‌ನಲ್ಲಿರುವ ಲಿನಕ್ಸ್ ಅದನ್ನೂ ಪರ್ಲ್ ಹೆಸರಿಗೆ ಸೇರಿಸಿಕೊಂಡು ಹುಡುಕುತ್ತಿತ್ತು. ನೋಟ್‌ಪ್ಯಾಡ್ ಪ್ಲಸ್‌ಪ್ಲಸ್‌ನಲ್ಲಿ ಸಾಲಿನ ಕೊನೆಯನ್ನು ಯುನಿಕ್ಸ್ ರೀತಿಗೆ ಬದಲಿಸಿ ಮತ್ತೆ ಅಪ್‌ಲೋಡ್ ಮಾಡಿದೆ, ಫಾರ್ಮ್ ತೆರೆದುಕೊಂಡಿತು. ಲಾಗ್ ನೋಡಿ ಅಂದವರಿಗೆ ಮನಸಾರೆ ಧನ್ಯವಾದ.