ಮಳೆ ಬಂದರೆ ಆರ್‌ಸಿಸಿಬಿ ಬೀಳುತ್ತದೆ, ಗೇಟು ಅರ್ಧಕ್ಕೆ ವಾಪಸ್ – ಎಂತ ಮಾಡುವುದು?

ಬದಿಯಡ್ಕದಿಂದ ಪ್ರಶ್ನೆ:
ನಮಸ್ಕಾರ. ಹೋದ ಬೇಸಿಗೆಯಲ್ಲಿ ಮನೆಯ ಸ್ಲೈಡಿಂಗ್ ಗೇಟಿಗೆ ಮೋಟರ್ ಹಾಕಿಸಿದ್ದೆ. 14 ಅಡಿಯ ಕಬ್ಬಿಣದ ಗೇಟು, 230 ವೋಲ್ಟ್ ಮೋಟರ್, ಎರಡೂ ಕಂಬದಲ್ಲಿ ಫೋಟೋಸೆಲ್ (ನಡುವೆ ಯಾರಾದರೂ ಅಡ್ಡ ಬಂದರೆ ಗುರುತಿಸುವ ಸೆನ್ಸರ್). ಮಳೆ ಹಿಡಿಯುವವರೆಗೆ ತೊಂದರೆ ಇರಲಿಲ್ಲ. ಈಗ ಮುಚ್ಚುತ್ತಾ ಅರ್ಧಕ್ಕೆ ಬಂದು ಪುನಃ ತೆರೆಯುತ್ತದೆ. ಜೋರು ಮಳೆಯ ರಾತ್ರಿ ಮನೆಯ ಆರ್‌ಸಿಸಿಬಿಯೇ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಬೀಳುತ್ತದೆ, ಫ್ರಿಜ್ ಸಮೇತ ಎಲ್ಲ ಬಂದ್. ವಯರಿಂಗಿನವರು ಬಂದು ಫೋಟೋಸೆಲ್ ಟರ್ಮಿನಲ್ಲಿಗೆ ಒಂದು ತುಂಡು ವಯರ್ ಕೊಟ್ಟರು, ಗೇಟು ಮುಚ್ಚತೊಡಗಿತು. ಆರ್‌ಸಿಸಿಬಿಯನ್ನೂ ತೆಗೆಯುವ ಅಂದರು. ನನಗೆ ಧೈರ್ಯ ಬರಲಿಲ್ಲ.

ಉಪ್ಪಳದಿಂದ:
ಗೇಟು ಪಡುವಣಕ್ಕೆ ಮುಖ ಮಾಡಿ ಉಂಟಾ? ಸಂಜೆಯ ಬಿಸಿಲು ನೇರ ಫೋಟೋಸೆಲ್ಲಿನ ರಿಸೀವರಿಗೆ ಬಿದ್ದರೆ ಹೀಗಾಗುವುದುಂಟು. ನಮ್ಮಲ್ಲಿ ಎರಡು ಸೆಲ್ಲನ್ನು ಅದಲು ಬದಲು ಮಾಡಿದ ಮೇಲೆ ಸರಿಯಾಯಿತು.

ಬದಿಯಡ್ಕ:
ಆಟಿ ಮಳೆಯಲ್ಲಿ ಬಿಸಿಲು ಎಲ್ಲಿಂದ ಅಣ್ಣ! ರಾತ್ರಿಯೂ ಹೀಗೆಯೇ.

ಕುಂಬಳೆಯಿಂದ:
ಆರ್‌ಸಿಸಿಬಿ ತೆಗೆಯಿರಿ, ತಲೆಬಿಸಿ ಮುಗಿಯಿತು. ನಮ್ಮದು ಹಾಗೆಯೇ ಉಂಟು, ಏನೂ ಆಗಲಿಲ್ಲ.

ಮುಳ್ಳೇರಿಯದಿಂದ:
ದಯವಿಟ್ಟು ಆ ಕೆಲಸ ಮಾಡಬೇಡಿ ಮಾರಾಯ್ರೆ. ಗೇಟು ಪೂರ್ತಿ ಕಬ್ಬಿಣ, ನೆಲ ಒದ್ದೆ, ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ. ಮೋಟರಿನ ಮೈಗೆ ಕರೆಂಟು ಬಂದರೆ ಆ 30 ಮಿಲಿಆಂಪಿನ ಆರ್‌ಸಿಸಿಬಿಯೇ ಜೀವ ಉಳಿಸುವುದು. ಅದು ಹಾಳಾಗಿ ಬೀಳುತ್ತಿಲ್ಲ, ಎಲ್ಲೋ ಸೋರುತ್ತಿದೆ ಎಂದು ಹೇಳುತ್ತಿದೆ. ತುಂಡು ವಯರೂ ಅಷ್ಟೇ. ಅದನ್ನು ಕೊಟ್ಟ ಮೇಲೆ ಮೋಟರಿನ ಕಂಟ್ರೋಲ್ ಬೋರ್ಡಿಗೆ ದಾರಿ ಯಾವಾಗಲೂ ಖಾಲಿ ಎಂದೇ ಲೆಕ್ಕ. ನಡುವೆ ಮಗು ನಿಂತರೂ ಮುಚ್ಚಿಕೊಂಡು ಬರುತ್ತದೆ. ಮೊದಲು ಅದನ್ನು ಕಿತ್ತು, ಕೀಲಿ ತಿರುಗಿಸಿ ಮೋಟರ್ ಬಿಡಿಸಿ, ಗೇಟನ್ನು ಕೈಯಲ್ಲೇ ತಳ್ಳಿ.

ಒಂದು ಪರೀಕ್ಷೆ ಮಾಡಿ. ಗೇಟಿನ ಎಂಸಿಬಿ (ಆ ಲೈನಿನ ಬ್ರೇಕರ್ ಸ್ವಿಚ್ಚು) ಇಳಿಸಿದರೂ ಆರ್‌ಸಿಸಿಬಿ ಬೀಳುತ್ತದಾ?

ಬದಿಯಡ್ಕ:
ವಿಚಿತ್ರ! ಎಂಸಿಬಿ ಇಳಿಸಿದ್ದೆ. ಸ್ವಲ್ಪ ಹೊತ್ತು ನಿಂತಿತು. ಅಮ್ಮ ಮಿಕ್ಸಿ ಹಾಕಿದ ಕೂಡಲೇ ಬಿತ್ತು. ಹಾಗಾದರೆ ಮಿಕ್ಸಿಯದ್ದೇ ದೋಷವಾ?

ಮುಳ್ಳೇರಿಯ:
ಪಾಪ, ಮಿಕ್ಸಿಯನ್ನು ಬಿಡಿ. ನಿಮ್ಮದು ಸಿಂಗಲ್ ಪೋಲ್ ಎಂಸಿಬಿ ಇರಬೇಕು. ಅದು ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೆಯೇ ಇರುತ್ತದೆ. ಗೇಟಿನ ಕೇಬಲಿನ ನ್ಯೂಟ್ರಲ್ ಎಲ್ಲೋ ಅರ್ತಿಗೆ ತಾಗುತ್ತಿದ್ದರೆ, ಮಿಕ್ಸಿಯ ಕರೆಂಟಿನಲ್ಲಿ ಒಂದು ಪಾಲು ನೆಲದ ದಾರಿ ಹಿಡಿಯುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ತಾಳೆಯಾಗದೆ ಆರ್‌ಸಿಸಿಬಿ ಬೀಳುತ್ತದೆ. ನೆಲದಡಿಯ ಕೇಬಲ್ ಮೇಲೆಯೇ ನನಗೆ ಅನುಮಾನ. ಫೋಟೋಸೆಲ್ ವಯರೂ ಅದೇ ಪೈಪಿನಲ್ಲಿ ಹೋಗಿದೆಯಾ?

ಬದಿಯಡ್ಕ:
ಹೌದು, ಎಲ್ಲ ಒಂದೇ ಪೈಪು. ಖರ್ಚು ಉಳಿಯಲಿ ಅಂತ.

ಮುಳ್ಳೇರಿಯ:
ಅದೇ ಎಡವಟ್ಟು. ಮೋಟರಿನ 230 ವೋಲ್ಟಿನದ್ದೂ ಫೋಟೋಸೆಲ್ಲಿನ 24 ವೋಲ್ಟಿನದ್ದೂ ಬೇರೆ ಬೇರೆ ಪೈಪಿನಲ್ಲಿ ಹೋಗಬೇಕು. ಇನ್ನು ಮೆಗ್ಗರ್ (ವಯರಿನ ಇನ್ಸುಲೇಷನ್ ಅಳೆಯುವ ಮೀಟರ್) ಇರುವ, ಗೊತ್ತಿರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಮೈನ್ ಆಫ್ ಮಾಡಿ, ಕೇಬಲನ್ನು ಎರಡೂ ತುದಿಯಲ್ಲಿ ಕಳಚಿಯೇ 500 ವೋಲ್ಟಿನಲ್ಲಿ ನೋಡಬೇಕು. ಬೋರ್ಡಿಗೆ ಸಿಕ್ಕಿಸಿಟ್ಟು ಮೆಗ್ಗರ್ ಹಾಕಿದರೆ ಬೋರ್ಡಿನ ಕಥೆ ಮುಗಿಯಿತು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಕೇಬಲ್ ಬೇಡ. ಬೋರ್ಡಿನ ಡಬ್ಬಿ ಬಿಚ್ಚುವವರು ಕರೆಂಟು ತೆಗೆದ ಮೇಲೂ ಸ್ವಲ್ಪ ಹೊತ್ತು ಕಾಯಲಿ. ಮೋಟರಿನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ.

ಬದಿಯಡ್ಕ (ನಾಲ್ಕು ದಿನದ ಮೇಲೆ):
ಸಿಕ್ಕಿತು! ನ್ಯೂಟ್ರಲ್–ಅರ್ತ್ ನಡುವೆ ಮೆಗ್ಗರಿನಲ್ಲಿ ಸೊನ್ನೆ. ಅಗೆದು ನೋಡಿದರೆ ದಾಸವಾಳದ ಗಿಡದ ಹತ್ತಿರ ಪೈಪು ಒಡೆದಿದೆ, ಒಳಗೆ ಕೇಬಲಿಗೆ ಜಾಯಿಂಟ್, ಅದಕ್ಕೆ ಬರೀ ಇನ್ಸುಲೇಷನ್ ಟೇಪು. ಗಿಡ ನೆಡುವಾಗ ಹಾರೆ ತಾಗಿದ್ದು, ಯಾರೋ ಸುಮ್ನೆ ಸುತ್ತಿ ಮುಚ್ಚಿದ್ದಾರೆ. (ಗಿಡ ನೆಟ್ಟವನು ನಾನೇ ಅಂತ ಅಪ್ಪ ಹೇಳುತ್ತಿದ್ದಾರೆ. ಇರಲಿ.) ಫೋಟೋಸೆಲ್ ವಯರಿನ ಜಾಯಿಂಟೂ ಅಲ್ಲೇ, ಹಸಿರು ಹಿಡಿದಿತ್ತು. ಬೋರ್ಡಿನಲ್ಲಿ 24 ವೋಲ್ಟ್, ಸೆಲ್ಲಿಗೆ ಮುಟ್ಟುವಾಗ 9. ಗೇಟು ಅರ್ಧಕ್ಕೆ ವಾಪಸ್ ಹೋಗುತ್ತಿದ್ದದ್ದು ಅದಕ್ಕೇ. ಡಬ್ಬಿಯೊಳಗೆ ಇರುವೆ ಗೂಡು ಬೇರೆ.

ಈಗ ಎರಡು ಪೈಪು, ಒಂದೂವರೆ ಅಡಿ ಆಳ, ನಡುವೆ ಒಂದೂ ಜಾಯಿಂಟ್ ಇಲ್ಲ. ಕೇಬಲ್ ಡಬ್ಬಿಯ ಅಡಿಯಿಂದ ಗ್ಲಾಂಡ್ (ನೀರು ನುಗ್ಗದಂತೆ ಕೇಬಲನ್ನು ಬಿಗಿಯುವ ಬಿರಡೆ) ಮೂಲಕ ಒಳಗೆ ಹೋಗುತ್ತದೆ. ಗೇಟಿಗೆ ಡಬಲ್ ಪೋಲ್ ಎಂಸಿಬಿ. ತುಂಡು ವಯರ್ ಕಿತ್ತಾಯಿತು. ಮುಚ್ಚುವಾಗ ನಾಯಿ ಅಡ್ಡ ಬಂತು, ಗೇಟು ನಿಂತು ಹಿಂದೆ ಹೋಯಿತು. ಮೊನ್ನೆ ರಾತ್ರಿಯಿಡೀ ಮಳೆ, ಆರ್‌ಸಿಸಿಬಿ ಅಲುಗಲಿಲ್ಲ.

ಪೆರ್ಲದಿಂದ:
ಸಂತೋಷ. ನನ್ನದೊಂದು ಪ್ರಶ್ನೆ. ಹಳಿಯ ಎರಡೂ ತುದಿಯಲ್ಲಿ ಗಟ್ಟಿ ಸ್ಟಾಪರ್ ಉಂಟಾ? ಅಥವಾ ತುದಿ ಮುಟ್ಟಿದಾಗ ಮೋಟರ್ ನಿಲ್ಲಿಸುವ ಲಿಮಿಟ್ ಸ್ವಿಚ್ಚನ್ನೇ ನಂಬಿದ್ದೀರಾ?

ಬದಿಯಡ್ಕ:
ಲಿಮಿಟಿನ ಮ್ಯಾಗ್ನೆಟ್ ಮಾತ್ರ ಉಂಟು.

ಪೆರ್ಲ:
ಮ್ಯಾಗ್ನೆಟ್ ಜಾರಿದ ದಿನ ಗೇಟು ಹಳಿ ದಾಟಿ ಮಗುಚಿ ಬೀಳಬಹುದು. ಅಷ್ಟು ಭಾರದ ಗೇಟಿನಡಿಗೆ ಸಿಕ್ಕಿದವರು ಏಳುವುದಿಲ್ಲ. ತುಲಾ ತಿಂಗಳ ಸಿಡಿಲಿಗೆ ಮೊದಲು ಮೈನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಆದರೆ ಅದು ಆಮೇಲೆ. ಸ್ಟಾಪರ್ ಮೊದಲು.

ಬದಿಯಡ್ಕ:
ವೆಲ್ಡಿಂಗಿನವರು ಶನಿವಾರ ಬರುತ್ತಾರಂತೆ. ಅಲ್ಲಿವರೆಗೆ ಎಂಸಿಬಿ ಇಳಿಸಿಟ್ಟಿದ್ದೇನೆ. ರಿಮೋಟ್ ಅಮ್ಮನ ಕಪಾಟಿನಲ್ಲಿ, ತಳ್ಳುವ ಕೆಲಸ ನನ್ನದು.