ಹರಿಹರ ಬಸ್ಸಿನ ಮಾರ್ಗ ಬದಲಾವಣೆ: ಯಾರನ್ನು ಕೇಳಬೇಕು?

ಪ್ರಶ್ನೆ: ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಖಾಸಗಿ ಬಸ್ಸೊಂದು ಯಾವ ಸೂಚನೆಯೂ ಇಲ್ಲದೆ ನಮ್ಮ ಬಡಾವಣೆಯ ನಿಲ್ದಾಣವನ್ನು ಬಿಟ್ಟು ಬೇರೆ ರಸ್ತೆಯಲ್ಲಿ ಹೋಗುತ್ತಿದೆ. ಬೇರೆ ಬಸ್ಸಿನವರೊಂದಿಗಿನ ಪೈಪೋಟಿಯೇ ಕಾರಣವೆನ್ನುತ್ತಾರೆ. ಹೀಗೆ ಮಾಡಲು ಅವರಿಗೆ ಅಧಿಕಾರವಿದೆಯೇ?

ಉತ್ತರ: ಇಲ್ಲ, ಮೇಡಂ. 1988ರ ಮೋಟಾರು ವಾಹನ ಕಾಯ್ದೆಯಡಿ ಕೊಡುವ ಪರ್ಮಿಟ್ಟಿನಲ್ಲೇ ಮಾರ್ಗ ನಿಗದಿಯಾಗಿರುತ್ತದೆ; ಅದನ್ನು ಬದಲಿಸಲು ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅನುಮತಿ ಬೇಕು. ಬಸ್ಸಿನ ನೋಂದಣಿ ಸಂಖ್ಯೆ, ದಿನಾಂಕ, ವೇಳೆ ನಮೂದಿಸಿ ಆರ್‌ಟಿಒ ಕಚೇರಿಗೆ ಲಿಖಿತ ದೂರು ಕೊಡಿ.

ಇನ್ನೊಂದು ಉತ್ತರ: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾಗಿರುವುದರಿಂದ, ಉಳಿದ ಪ್ರಯಾಣಿಕರಿಗಾಗಿ ಖಾಸಗಿಯವರ ಸ್ಪರ್ಧೆ ಬಿರುಸಾಗಿದೆ ಎಂದು ನನ್ನ ಅನಿಸಿಕೆ. ಅವರ ಕಷ್ಟ ನಿಜವೇ. ಆದರೆ ಮುಂದಿನ ಬಸ್ಸನ್ನು ಹಿಂದಿಕ್ಕಲು ನಿಲ್ದಾಣ ತಪ್ಪಿಸಿದರೆ ವಯಸ್ಸಾದವರು ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಿವಾಸಿಗಳ ಸಹಿ ಪಡೆದು ಸೋಮವಾರವೇ ದೂರು ಸಲ್ಲಿಸುತ್ತೇವೆ.