ಇಪ್ಪತ್ತು ಪದಗಳಲ್ಲಿ ನಡುವಿನವೇ ಏಕೆ ಮರೆಯುತ್ತವೆ?

ಕೇಳಿದವರು, ಒಬ್ಬ ತಾಯಿ:
ಏಳನೇ ತರಗತಿಯ ಮಗಳು ಶಾಲೆಯ ನೆನಪಿನ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. 20 ಪದಗಳನ್ನು ಒಂದೇ ಸಲ ಓದುತ್ತಾರೆ, ಯಾವ ಕ್ರಮದಲ್ಲಾದರೂ ಬರೆಯಬಹುದು. ಮೊದಲ ಮೂರು, ಕೊನೆಯ ನಾಲ್ಕು ಬರೆಯುತ್ತಾಳೆ. ನಡುವಿನವು ಕೈಗೆ ಸಿಗುವುದಿಲ್ಲ. ಹೇಳದ ಪದವನ್ನೂ ಒಮ್ಮೊಮ್ಮೆ ಬರೆದುಬಿಡುತ್ತಾಳೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮನಃಶಾಸ್ತ್ರದ ಉಪನ್ಯಾಸಕಿ:
ಗಾಬರಿಯಾಗಬೇಡಿ ಅಮ್ಮ. ಪ್ರತಿವರ್ಷ ನನ್ನ ತರಗತಿಯಲ್ಲಿ ಇದನ್ನು ಮಾಡಿಸುತ್ತೇನೆ, ಪ್ರತಿವರ್ಷವೂ ನಡುವಿನ ಪದಗಳೇ ಸೋಲುತ್ತವೆ. 1962ರಲ್ಲಿ ಮರ್ಡಾಕ್ ಎಂಬ ವಿಜ್ಞಾನಿ 10ರಿಂದ 40 ಪದಗಳ ಪಟ್ಟಿಗಳನ್ನು ಕೊಟ್ಟು ನೋಡಿದಾಗಲೂ ಹೀಗೆಯೇ ಆಗಿತ್ತು. ಮೊದಲ ಪದಗಳು ಬಂದಾಗ ಮನಸ್ಸು ಖಾಲಿಯಿರುತ್ತದೆ, ಅವನ್ನು ಒಳಗೊಳಗೇ ಮತ್ತೆ ಮತ್ತೆ ಹೇಳಿಕೊಳ್ಳಲು ಬಿಡುವಿರುತ್ತದೆ. ಕೊನೆಯವು ಇನ್ನೂ ಕಿವಿಯಲ್ಲೇ ಗುಂಯ್‌ಗುಡುತ್ತಿರುತ್ತವೆ. ಆದರೆ ಆ ಗುಂಗು ಬಹಳ ಅಲ್ಪಾಯು. 1966ರಲ್ಲಿ ಗ್ಲಾಂಜರ್ ಮತ್ತು ಕ್ಯುನಿಟ್ಸ್ ಎಂಬ ಸಂಶೋಧಕರು ಪಟ್ಟಿ ಮುಗಿದ ಮೇಲೆ 30 ಸೆಕೆಂಡು ಎಣಿಕೆ ಮಾಡಿಸಿದರು. ಕೊನೆಯ ಪದಗಳಿಗಿದ್ದ ಅನುಕೂಲ ಅಳಿಸಿಹೋಯಿತು, ಮೊದಲಿನವುಗಳದ್ದು ಉಳಿಯಿತು. ಆದ್ದರಿಂದ ಓದು ನಿಲ್ಲುತ್ತಿದ್ದಂತೆ ಮಗಳು ಕೊನೆಯ ಪದಗಳನ್ನೇ ಮೊದಲು ಬರೆಯಲಿ. ಹೆಸರು ಬರೆಯುವುದು, ಗೆರೆ ಹಾಕುವುದೆಲ್ಲ ಮುಂಚೆಯೇ ಮುಗಿದಿರಲಿ.

ಇಬ್ಬರು ಮಕ್ಕಳ ತಂದೆ:
ನಡುವಿನ ಪದಗಳಿಗೆ ನಮಗೆ ಒದಗಿದ್ದು ಗುಂಪು ಕಟ್ಟುವ ಉಪಾಯ. ಹುಲಿ, ಬದನೆ, ಬಡಗಿ, ಕರಡಿ, ಕುಂಬಾರ, ಹೀರೇಕಾಯಿ ಎಂದು ಕಲಸಿ ಹೇಳುತ್ತಿದ್ದೆ. ಮಗ ಪ್ರಾಣಿ, ತರಕಾರಿ, ಕಸುಬು ಎಂದು ಮನಸ್ಸಿನಲ್ಲೇ ಬೇರ್ಪಡಿಸುವುದನ್ನು ರೂಢಿ ಮಾಡಿಕೊಂಡ. ಹುಲಿ ನೆನಪಾದರೆ ಕರಡಿ ಹಿಂದೆಯೇ ಬರುತ್ತಿತ್ತು. ಗುಂಪಿಗೆ ಸೇರದ ಪದಗಳನ್ನು ಒಂದು ಪುಟ್ಟ ಕಥೆಯಲ್ಲಿ ಪೋಣಿಸುತ್ತಿದ್ದ. ಮೊದಲು ನಾನು ಒಂದೇ ಪಟ್ಟಿಯನ್ನು ನಲವತ್ತು ಸಲ ಓದಿಸಿ ಮಗುವನ್ನು ದಣಿಸಿದ್ದೆ, ಅದಕ್ಕೆ ಈಗಲೂ ಬೇಸರವಿದೆ. ದಿನಕ್ಕೊಂದು ಹೊಸ ಪಟ್ಟಿ ಸಾಕು.

ನಿವೃತ್ತ ಶಿಕ್ಷಕಿ:
ಹೇಳದ ಪದ ಬರೆದದ್ದಕ್ಕೆ ಮಗುವನ್ನು ಗದರಬೇಡಿ. ಹಾಸಿಗೆ, ದಿಂಬು, ಕನಸು, ಕಂಬಳಿ, ಆಕಳಿಕೆ ಎಂದು ಓದಿ ನೋಡಿ, ದೊಡ್ಡವರೇ ‘ನಿದ್ದೆ’ಯನ್ನೂ ಬರೆಯುತ್ತಾರೆ. 1995ರಲ್ಲಿ ರೋಡಿಗರ್ ಮತ್ತು ಮೆಕ್‌ಡರ್ಮಟ್ ಎಂಬ ಸಂಶೋಧಕರು ಇಂಥ ಪಟ್ಟಿಗಳಿಂದಲೇ ಇದನ್ನು ತೋರಿಸಿದರು. ಪದಗಳ ನಂಟೇ ಆ ಇನ್ನೊಂದು ಪದವನ್ನು ಎಬ್ಬಿಸುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ‘ನೀವು ಹೇಳಿದಿರಿ ಟೀಚರ್’ ಎಂದು ಕಣ್ಣೀರು ಹಾಕಿದ್ದಳು. ಅವಳು ಸುಳ್ಳಾಡುತ್ತಿದ್ದಾಳೆ ಎಂದುಕೊಂಡಿದ್ದೆ, ತಪ್ಪು ನನ್ನದು. ತಪ್ಪು ಪದಕ್ಕೆ ಅಂಕ ಕಳೆಯುತ್ತಾರೆಯೇ ಎಂದು ಮಾತ್ರ ಶಾಲೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.